ಬುಡು ಅಂದ, ಬುಟ್ಟೆ

ಮಳೆಗಾಲಕ್ಕೆ ಮುಂಚೆ ಸೌದೆ ರಾಶಿಯ ಮೇಲೆ ಟಾರ್ಪಾಲು ಹೊದಿಸಿ ಬಿಗಿಯುವುದು ನಮ್ಮ ಮನೆಯ ಕ್ರಮ. ಹಳೆಯ ಹಗ್ಗ ಲಡ್ಡು ಹಿಡಿದಿತ್ತು. ಕಳೆದ ವಾರ ಸಕಲೇಶಪುರಕ್ಕೆ ಹೋದಾಗ ಒಂದು ಹಾರ್ಡ್‌ವೇರ್ ಅಂಗಡಿ ಹೊಕ್ಕೆ. ಬಾಗಿಲಲ್ಲಿ ನೀಲಿ, ಹಳದಿ ನೈಲಾನ್ ಹಗ್ಗದ ಸುರುಳಿಗಳು ತೂಗುತ್ತಿದ್ದವು. ನಾನು ಕತ್ತದ ಹಗ್ಗ ಕೇಳಿದೆ. "ಈಗ ಅದನ್ನ ಯಾರು ತಗೋತಾರೆ ಸಾರ್" ಎನ್ನುತ್ತಲೇ ಅಂಗಡಿಯವನು ಒಳಗಿನಿಂದ ಧೂಳು ಹಿಡಿದ ಸುರುಳಿಯೊಂದನ್ನು ಉರುಳಿಸಿಕೊಂಡು ಬಂದ. ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೊಳಿ, ಅಳತೆ ಮಾಡ್ತೀನಿ" ಎಂದು ಹಿಂದೆ ಹಿಂದೆ ಹೆಜ್ಜೆ ಹಾಕಿದ.

ಹಗ್ಗ ಬಿಗಿಯಾಯಿತು. ಅಂಗೈಗೆ ತೆಂಗಿನ ನಾರು ಚುಚ್ಚಿತು. ಯೋಚಿಸದೆಯೇ ಅದನ್ನು ಮೂಗಿನ ಹತ್ತಿರ ತಂದು ಮೂಸಿದೆ... ನಾರಿನ ಅದೇ ಒಣ, ಒಗರು ವಾಸನೆ. ಹೊಂಗೆ ಎಣ್ಣೆಯದೊಂದು ಕಡಿಮೆ. ಅಷ್ಟು ಸಾಕಾಯಿತು. ನಮ್ಮ ಎಸ್ಟೇಟಿನ ದೊಡ್ಡ ಮೇಸ್ತ್ರಿ ಕಣ್ಣೆದುರು ಬಂದರು.

ತೊಂಬತ್ತರ ದಶಕದ ಮಧ್ಯಭಾಗ. ದೋಣಿಗಲ್ಲಿಗೂ ಮಾರನಹಳ್ಳಿಗೂ ನಡುವೆ, ಹೆದ್ದಾರಿಯ ಪಕ್ಕದ ಗುಡ್ಡದಲ್ಲಿದ್ದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಸೈನ್ಯದಲ್ಲಿ ಇದ್ದು ಬಂದವನು. ಬೆಳಿಗ್ಗೆ ಗಂಟೆ ಹೊಡೆಸುವುದು, ಹಾಜರಿ ಕೂಗುವುದು, ಸ್ಟೋರಿನಿಂದ ಕತ್ತಿ, ಗುದ್ದಲಿ, ಹಗ್ಗ ಕೊಡುವುದು, ಸಂಜೆ ಅವನ್ನು ಒಳಗಿಟ್ಟು ಬೀಗ ಹಾಕುವುದು ನನ್ನ ಕೆಲಸ. ಆಳುಗಳಿಗೆ ಕೆಲಸ ಹಂಚುವುದು, ಬೈಯುವುದು, ಬಡಿಯುವುದು ದೊಡ್ಡ ಮೇಸ್ತ್ರಿಯವರ ಕೆಲಸ.

ಬಡಿಯುವುದು ಎಂದು ಬರೆದದ್ದು ಬರೀ ಮಾತಿಗಲ್ಲ. ಎತ್ತರದ ಆಳು. ಹಣೆಗೆ ವಿಭೂತಿ, ಖಾಕಿ ಚಡ್ಡಿ, ಮೊಣಕಾಲಿನವರೆಗೆ ಗಂಬೂಟು, ಕೈಯಲ್ಲಿ ಬಗನಿ ಮರದ ದೊಣ್ಣೆ. ಹರೆಯದಲ್ಲಿ ಘಾಟಿಯ ರಸ್ತೆಯಲ್ಲಿ ಒಬ್ಬ ಲಾರಿ ಡ್ರೈವರನ ಹಲ್ಲು ಉದುರಿಸಿದ್ದರಂತೆ. ಮೆಣಸು ಕದಿಯಲು ಬಂದವನೊಬ್ಬನನ್ನು ಕಂಬಕ್ಕೆ ಕಟ್ಟಿ ಹೊಡೆದದ್ದನ್ನು ನಾನೇ ಕಂಡಿದ್ದೇನೆ. ಕಟ್ಟು ಬಿಚ್ಚಿದವನೂ ನಾನೇ. ಅದಕ್ಕೆ ಅವರು ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಇಂಥವರು ಜಗಳ ಬಗೆಹರಿಸಲು ಕೂತರು ಎಂದರೆ ಕೇಳಿದವರು ನಗುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಅವರಿಗೂ ನನಗೂ ಹೊಂದಿಕೆಯಿತ್ತು. ಮರಗಸಿಯ ದಿನಗಳಲ್ಲಿ ಅವರು ಎಲ್ಲರಿಗಿಂತ ಮುಂಚೆ ಸ್ಟೋರಿಗೆ ಬಂದು ಪ್ರತಿಯೊಂದು ಹಗ್ಗವನ್ನೂ ಕೈಯಲ್ಲಿ ಹಾಯಿಸಿ, ಮೂಸಿ ನೋಡಿ ಕೊಡುತ್ತಿದ್ದರು. ಸಂಜೆ ಹೊಂಗೆ ಎಣ್ಣೆ ಸವರಿಸಿಯೇ ಒಳಗಿಡಿಸುತ್ತಿದ್ದರು. ಮಳೆ ಬರಲಿ, ಹಬ್ಬ ಬರಲಿ, ಇದು ತಪ್ಪಿದ್ದಿಲ್ಲ.

ಮರಗಸಿ ಎಂದರೆ ಕಾಫಿಗೆ ನೆರಳು ಹೆಚ್ಚಾಗದಂತೆ ದೊಡ್ಡ ಮರಗಳ ಕೊಂಬೆ ಕಡಿಸುವ ಕೆಲಸ. ಕಡಿದ ಕೊಂಬೆ ನೇರ ಬಿದ್ದರೆ ಕೆಳಗಿನ ಕಾಫಿ ಗಿಡಗಳು ಚೂರಾಗುತ್ತವೆ. ಆದ್ದರಿಂದ ಮರ ಹತ್ತಿದವನು ಕೊಂಬೆಗೆ ಹಗ್ಗ ಕಟ್ಟಿ, ಅದನ್ನು ಇನ್ನೂ ಮೇಲಿನ ಕವಲಿನ ಮೇಲೆ ಹಾಯಿಸಿ ಕೆಳಗೆ ಇಳಿಬಿಡುತ್ತಾನೆ. ಕೆಳಗಿನವನು ಪಕ್ಕದ ಮರದ ಬುಡಕ್ಕೆ ಅದನ್ನು ಸುತ್ತಿ ಬಿಗಿಯಾಗಿ ಹಿಡಿದು ನಿಲ್ಲುತ್ತಾನೆ. ಕಡಿದಾದ ಮೇಲೆ ಮೇಲಿನವನು 'ಬುಡು' ಎಂದು ಕೂಗುತ್ತಾನೆ. ಪುಸ್ತಕದ ಕನ್ನಡದಲ್ಲಿ ಬಿಡು. ಆಗ ಕೆಳಗಿನವನು ಹಗ್ಗ ಸಡಿಲಿಸುತ್ತಾನೆ, ಕೊಂಬೆ ಮೆಲ್ಲಗೆ ಇಳಿಯುತ್ತದೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ನಡುವೆ ಸೊಪ್ಪು. ಕೇಳುವುದು ಆ ಒಂದು ಮಾತು ಮಾತ್ರ.

ನಮ್ಮಲ್ಲಿ ಅತ್ಯುತ್ತಮ ಜೋಡಿ ಸೋಮಯ್ಯ ಮತ್ತು ಲಕ್ಕಪ್ಪ. ಸೋಮಯ್ಯ ಹತ್ತುವವನು. ತೆಳ್ಳಗೆ, ಬಿರುಸು, ಮಾತು ಕಡಿಮೆ. ಲಕ್ಕಪ್ಪ ಹಗ್ಗದವನು. ದಪ್ಪ ತೋಳು, ದೊಡ್ಡ ಹೊಟ್ಟೆ, ಬಾಯಿ ಒಂದು ಗಳಿಗೆ ಮುಚ್ಚುತ್ತಿರಲಿಲ್ಲ. ಮೇಲಿರುವ ಸೋಮಯ್ಯನನ್ನು ಕೆಳಗಿನಿಂದ ಚುಡಾಯಿಸುತ್ತಲೇ ಹಗ್ಗ ಹಿಡಿಯುವುದು ಅವನ ಅಭ್ಯಾಸ. ಆಳುಗಳ ಮನೆಸಾಲಾದ ಲೈನಿನಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಹೆಂಡತಿಯರು ಒಂದೇ ಒಲೆಯ ಕೆಂಡ ಹಂಚಿಕೊಂಡವರು.

ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ, ಹೆದ್ದಾರಿಯ ಮಗ್ಗುಲಿನ ತಾಕಿನಲ್ಲಿ ಒಂದು ದೊಡ್ಡ ಬಸರಿ ಮರಕ್ಕೆ ಅವರನ್ನು ಹಾಕಿದ್ದೆವು. ಕೊಂಬೆ ಅರ್ಧ ಕಡಿದಿತ್ತು. ಹಗ್ಗ ಕವಲಿನಲ್ಲಿ ಸಿಕ್ಕಿಕೊಂಡಿತೆಂದು ಸೋಮಯ್ಯ ಎಡಗೈ ಹಾಕಿ ಸರಿಮಾಡುತ್ತಿದ್ದ. ಅದೇ ಕ್ಷಣದಲ್ಲಿ ಕೆಳಗಿನಿಂದ ಹಗ್ಗ ಸಡಿಲಾಯಿತು. ಕೊಂಬೆ ಜಗ್ಗಿತು. ಹಗ್ಗ ಅವನ ಕೈಯನ್ನು ಕವಲಿಗೆ ಅರೆಯಿತು.

ಕೂಗು ಕೇಳಿ ನಾವೆಲ್ಲ ಓಡಿದೆವು. ಸೋಮಯ್ಯ ಸೊಂಟದ ಹಗ್ಗದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಕೆಳಗಿನ ಕಾಫಿ ಎಲೆಗಳ ಮೇಲೆ ಟಪಟಪ ರಕ್ತ. ದೊಡ್ಡ ಮೇಸ್ತ್ರಿಯವರೇ ಗಂಬೂಟು ಕಳಚಿ ಎಸೆದು ಮರ ಹತ್ತಿ ಅವನನ್ನು ಹೆಗಲ ಮೇಲೆ ಇಳಿಸಿಕೊಂಡು ಬಂದರು. ಎಡಗೈಯ ಮೂರು ಬೆರಳು ಹೋಗಿದ್ದವು. ಹೆಬ್ಬೆರಳು, ತೋರುಬೆರಳು ಉಳಿದಿದ್ದವು. ಲಕ್ಕಪ್ಪ ಹಗ್ಗದ ಪಕ್ಕದಲ್ಲಿ ನಿಂತಲ್ಲೇ ನಿಂತಿದ್ದ. ಯಾಕೆ ಸಡಿಲಿಸಿದೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ:

"ಬುಡು ಅಂದ. ಬುಟ್ಟೆ."

ಸೋಮಯ್ಯನಿಗೆ ಆಗಲೂ ಪ್ರಜ್ಞೆಯಿತ್ತು. ಮೇಸ್ತ್ರಿಯ ಹೆಗಲ ಮೇಲಿನಿಂದಲೇ ಅವನು ಉಗಿದ. "ನಾನ್ ಅನ್ಲಿಲ್ಲ. ಸುಳ್ಳು ಬೊಗಳ್ತಾನೆ."

ಅವನು ಹಾಸನದ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಲೈನು ಎರಡು ಪಾಲಾಗಿತ್ತು. ಲಕ್ಕಪ್ಪ ಬೇಕೆಂತಲೇ ಬಿಟ್ಟ ಎನ್ನುವವರು ಒಂದು ಕಡೆ. ಸೋಮಯ್ಯ ತನ್ನ ಬಾಯಿ ತಪ್ಪನ್ನು ಇನ್ನೊಬ್ಬನ ಮೇಲೆ ಹಾಕುತ್ತಿದ್ದಾನೆ ಎನ್ನುವವರು ಇನ್ನೊಂದು ಕಡೆ. ನಲ್ಲಿಯ ಹತ್ತಿರ ಸೋಮಯ್ಯನ ಹೆಂಡತಿ ತಾಮ್ರದ ಕೊಡದಿಂದ ಲಕ್ಕಪ್ಪನ ಹೆಂಡತಿಯ ನೆತ್ತಿ ಒಡೆದಳು. ನಾನೇ ಅರಿಶಿನ ಒತ್ತಿ ಕಟ್ಟು ಹಾಕಿದೆ. ಮಾರನೆಯ ಬೆಳಿಗ್ಗೆ ಲಕ್ಕಪ್ಪನ ನಾಯಿ ಬಾಗಿಲ ಮುಂದೆ ಎರಡು ತುಂಡಾಗಿ ಬಿದ್ದಿತ್ತು. ಲಕ್ಕಪ್ಪ ಒದ್ದು ಸೋಮಯ್ಯನ ಬಾಗಿಲ ಹಲಗೆ ಮುರಿದ. ನಡುವಿನ ಗೋಡೆಗೆ ಎರಡು ಕಡೆಯಿಂದಲೂ ಕಲ್ಲು ಬೀಳುತ್ತಿತ್ತು. ಮಕ್ಕಳು ಅಡುಗೆಮನೆಯಲ್ಲಿ ಮಲಗತೊಡಗಿದವು.

ದೊಡ್ಡ ಮೇಸ್ತ್ರಿ ಇಬ್ಬರನ್ನೂ ಕಾಫಿ ಒಣಗಿಸುವ ಕಣಕ್ಕೆ ಕರೆಸಿದರು. ಸುತ್ತ ಆಳುಗಳು ಕೂತರು. ಮೊದಲು ಇಬ್ಬರ ಸೊಂಟ ತಡಕಿ ಕತ್ತಿ ತೆಗೆದಿಟ್ಟರು. ಆಮೇಲೆ ತಾವು ನಡುವೆ ಕುಕ್ಕರುಗಾಲಲ್ಲಿ ಕೂತು, "ಬೊಗಳ್ರಪ್ಪಾ" ಎಂದರು.

ಲಕ್ಕಪ್ಪ ಅದನ್ನೇ ಹೇಳಿದ. "ಬುಡು ಅಂದ. ಬುಟ್ಟೆ."

"ಅನ್ಲಿಲ್ಲ."

"ಕಿವ್ಯಾರೆ ಕೇಳೀನಿ ಕಣೋ."

"ನಿನ್ ಕಿವೀಲಿ ಕೊಳ್ಳಿ ಇಡ. ಅನ್ಲಿಲ್ಲ ಅಂದ್ರೆ ಅನ್ಲಿಲ್ಲ."

ಹಿರಿಯರೊಬ್ಬರು ಎದ್ದು, ಚೌಡಿ ಕಲ್ಲಿನ ಮುಂದೆ ಇಬ್ಬರಿಂದಲೂ ಆಣೆ ಹಾಕಿಸಿಬಿಡಿ ಎಂದರು. ನಮ್ಮ ಕಡೆ ಇಂಥ ಪಂಚಾಯ್ತಿಗಳು ಮುಗಿಯುವುದೇ ಹಾಗೆ. ಎಲ್ಲರೂ ಹೌದೆಂದರು. ಮೇಸ್ತ್ರಿ ಮಾತ್ರ ದೊಣ್ಣೆಯನ್ನು ನೆಲಕ್ಕೆ ಕುಟ್ಟಿದರು.

"ಆಣೆ ಹಾಕ್ಸಿದ್ರೆ ಇಬ್ರಲ್ಲಿ ಒಬ್ಬ ಸುಳ್ಳ ಆಗ್ಲೇಬೇಕು ಕಣ್ರೀ. ನಾಳೆ ಆ ಸುಳ್ಳನ್ ಕೈಗೆ ಹಗ್ಗ ಕೊಟ್ಟು ಮರ ಯಾರ್ ಹತ್ತೀರಿ? ನೀವ್ ಹತ್ತೀರಾ?"

ಎದ್ದಿದ್ದ ಹಿರಿಯರು ಕೂತರು. ಅಷ್ಟರಲ್ಲಿ ಲಕ್ಕಪ್ಪ ಏನೋ ಗೊಣಗಿದ. ಸೋಮಯ್ಯ ಎದ್ದವನೇ ಅವನ ಎದೆಗೆ ಒದ್ದ. ಇಬ್ಬರೂ ಕಣದ ತುಂಬ ಉರುಳಾಡಿದರು. ಮೇಸ್ತ್ರಿ ದೊಣ್ಣೆಯಿಂದ ಇಬ್ಬರಿಗೂ ಸಮನಾಗಿ ಬಾರಿಸಿ ಬಿಡಿಸಿದರು. ಅಂದಿನ ರಾಜಿ ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಬೆಳಿಗ್ಗೆ ನಾನು ಹಾಜರಿ ಕೂಗುತ್ತಿದ್ದೆ. ಲಕ್ಕಪ್ಪನ ಹೆಸರು ಕರೆದೆ. ಅವನು "ಇದೀನಿ" ಎಂದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಸೋಮಯ್ಯ ಬಂದ. ಬಲಗೈಯಲ್ಲಿ ಮರಗಸಿ ಕತ್ತಿ. ಸ್ಟೋರಿನದಲ್ಲ, ಮನೆಯದು. ಕತ್ತಿ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಲಕ್ಕಪ್ಪನ ಎಡಗಿವಿಯ ಅರ್ಧ ನನ್ನ ಬೂಟಿನ ಹತ್ತಿರ ಬಿತ್ತು.

"ಈಗ ಕೇಳ್ಸುತ್ತೇನ್ಲಾ?" ಎಂದ ಸೋಮಯ್ಯ.

ಲಕ್ಕಪ್ಪ ಕಿವಿ ಮುಚ್ಚಿಕೊಳ್ಳಲಿಲ್ಲ. ಕೈಗೆ ಸಿಕ್ಕ ಗುದ್ದಲಿ ಕಾವಿನಿಂದ ಸೋಮಯ್ಯನ ಬ್ಯಾಂಡೇಜಿನ ಕೈಯ ಮೇಲೆಯೇ ಬಡಿದ. ಒಂದಲ್ಲ, ಅವನು ಕೆಳಗೆ ಬೀಳುವವರೆಗೆ ಬಡಿದ. ಬಿಳಿ ಬಟ್ಟೆ ಕೆಂಪಾಯಿತು. ನಾನು ಲಕ್ಕಪ್ಪನ ಕೊರಳು ಹಿಡಿದು ಎಳೆದೆ. ಮೇಸ್ತ್ರಿ ಸೋಮಯ್ಯನ ಮಣಿಕಟ್ಟಿನ ಮೇಲೆ ಕಾಲಿಟ್ಟು ಕತ್ತಿ ಬಿಡಿಸಿದರು. ಅವರ ಅಂಗೈಯೂ ಸೀಳಿತ್ತು, ಅವರು ಅದನ್ನು ನೋಡಿಕೊಳ್ಳಲೂ ಇಲ್ಲ.

ಮ್ಯಾನೇಜರು ಆ ದಿನವೇ ತೀರ್ಮಾನ ಹೇಳಿದರು. ಶನಿವಾರದೊಳಗೆ ಇಬ್ಬರೂ ಲೈನು ಖಾಲಿ ಮಾಡಬೇಕು. ಇಲ್ಲದಿದ್ದರೆ ಪೊಲೀಸು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಮಳೆ ಹಿಡಿಯುವ ಹೊತ್ತಿನಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅವರು ಹೋಗುವುದೆಲ್ಲಿಗೆ? ಕತ್ತಿ ಬೀಸಿದವರೆಂಬ ಸುದ್ದಿ ಅವರಿಗಿಂತ ಮುಂಚೆ ಉಳಿದ ಎಸ್ಟೇಟುಗಳನ್ನು ತಲುಪಿರುತ್ತಿತ್ತು. ಇನ್ನು, ಈ ಲೈನು ಬಿಟ್ಟು ಹೋದ ಮಾತ್ರಕ್ಕೆ ಇಬ್ಬರ ನಡುವಿನದು ಬಿಟ್ಟು ಹೋಗುತ್ತಿರಲಿಲ್ಲ.

ಲಕ್ಕಪ್ಪ ತಲೆಗೆ ಕಟ್ಟು ಹಾಕಿಸಿಕೊಂಡು ಬಂದು, ತಾನೇ ಠಾಣೆಗೆ ಹೋಗುತ್ತೇನೆಂದು ಹೊರಟ. ಮೇಸ್ತ್ರಿ ಗೇಟಿನಲ್ಲಿ ತಡೆದರು.

"ಹೋಗು. ಕೇಸಾದ್ರೆ ಅವನು ಒಳಗೆ, ನೀನು ಹೊರಗೆ. ಅವನು ಹೊರಗೆ ಬಂದ ದಿನ ನೀನು ಮಣ್ಣೊಳಗೆ. ಲೆಕ್ಕ ಸರಿ ಐತಾ?"

ಲಕ್ಕಪ್ಪ ಗೇಟಿಗೆ ತಲೆ ಆನಿಸಿ ಅತ್ತ. "ಮತ್ತೇನ್ ಮಾಡ್ಲಿ ಮೇಸ್ತ್ರೀ? ಅವನು ಬುಡು ಅಂದಿದ್ದು ನಿಜ..."

"ಶನ್ವಾರ ಬೆಳಿಗ್ಗೆ ಬಸರಿ ಮರದತ್ರ ಬಾ" ಎಂದರು ಮೇಸ್ತ್ರಿ.

ಆ ಬಸರಿ ಮರದ ಕೊಂಬೆ ಇನ್ನೂ ಹಾಗೆಯೇ, ಅರ್ಧ ಸಿಬಿರಿನಲ್ಲಿ ತೂಗುತ್ತಿತ್ತು. ರಕ್ತ ಬಿದ್ದ ಕೆಲಸವೆಂದು ಬೇರೆ ಯಾವ ಜೋಡಿಯೂ ಅದನ್ನು ಮುಟ್ಟಿರಲಿಲ್ಲ. ಶನಿವಾರ ಬೆಳಿಗ್ಗೆ ಮೇಸ್ತ್ರಿ ಸ್ಟೋರಿಗೆ ಬಂದು ಹೊಸ ಹಗ್ಗವೊಂದನ್ನು ಮೂಸಿ ಆರಿಸಿಕೊಂಡರು. "ರೈಟ್ರೇ, ಔಷಧಿ ಡಬ್ಬ ತಗೊಂಡು ಬನ್ನಿ" ಎಂದರು. ನಾನು ಹೋದೆ. ಬೇರೆ ಯಾರನ್ನೂ ಅವರು ಬರಗೊಡಲಿಲ್ಲ.

ಇಬ್ಬರೂ ಬಂದಿದ್ದರು. ಒಬ್ಬನ ಕೈಗೆ ಕಟ್ಟು, ಇನ್ನೊಬ್ಬನ ತಲೆಗೆ ಕಟ್ಟು. ಮರದ ಈಚೆ ಒಬ್ಬ, ಆಚೆ ಒಬ್ಬ.

"ಈ ಕೊಂಬೆ ಇಳಿಸ್ಬೇಕು. ನೀವಿಬ್ರೇ ಇಳಿಸ್ಬೇಕು" ಎಂದರು ಮೇಸ್ತ್ರಿ. "ಆದ್ರೆ ಮೇಲಿದ್ದೋನು ಕೆಳಗೆ, ಕೆಳಗಿದ್ದೋನು ಮ್ಯಾಲೆ. ಲಕ್ಕ, ಹತ್ತು."

"ನಾನಾ? ಈ ಹೊಟ್ಟೆ ಇಟ್ಕೊಂಡಾ?"

"ಹೊಟ್ಟೆ ಕೆಳಗ್ ಬುಟ್ಟು ಹತ್ತು. ಸೋಮ, ಹಗ್ಗ ಹಿಡಿ. ಬುಡಕ್ಕೆ ಸುತ್ತಿದ್ರೆ ಒಂದೂವರೆ ಕೈ ಸಾಕು."

ಸೋಮಯ್ಯ ಒಂದು ಥರ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಲಕ್ಕಪ್ಪನಿಗೂ ಹಿಡಿಸಲಿಲ್ಲ. "ಇವನ್ ಕೈಗೆ ನನ್ ಜೀವ ಕೊಡಾಕೆ ನನಗೇನ್ ಹುಚ್ಚಾ? ಕೊಂಬೆ ಬುಟ್ಟು ನನ್ನ ಮರದಿಂದ ಎಗರಿಸ್ಬುಡ್ತಾನೆ."

ಮೇಸ್ತ್ರಿ ಕೊಂಬೆಯ ನೇರ ಕೆಳಗೆ, ಎರಡು ಕಾಫಿ ಗಿಡಗಳ ನಡುವೆ ಹೋಗಿ ನಿಂತರು. ದೊಣ್ಣೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ನಾನ್ ಇಲ್ಲಿರ್ತೀನಿ. ಕೊಂಬೆನ ಗಿಡದ್ ಸಂದಿಗೆ ತಿರುಗಿಸ್ಕೊಡ್ತೀನಿ. ಬುಡೋದಾದ್ರೆ ನನ್ ತಲೆ ಮ್ಯಾಲೆ ಬುಡ್ಲಿ. ನಿಂದೇನ್ ಗಂಟು ಹೋಗುತ್ತೆ? ಹತ್ತೋ ಮಾರಾಯ."

ನಾನು ಬೇಡ ಎಂದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

ಲಕ್ಕಪ್ಪ ಹತ್ತಿದ. ಏದುಸಿರು ಬಿಡುತ್ತ, ಶಿವ ಶಿವ ಎನ್ನುತ್ತ, ತೊಡೆ ತರಚಿಕೊಂಡು ಹತ್ತಿದ. ಸೊಪ್ಪಿನೊಳಗೆ ಮರೆಯಾದ. ಹೊಸ ಹಗ್ಗ ಕಟ್ಟಿ, ಕವಲಿನ ಮೇಲೆ ಹಾಯಿಸಿ ಕೆಳಗೆ ಬಿಟ್ಟ. ಸೋಮಯ್ಯ ಅದನ್ನು ಬುಡಕ್ಕೆ ಸುತ್ತಿ, ಬಲಗೈಯಲ್ಲೂ ಎಡಗೈಯ ಉಳಿದ ಬೆರಳುಗಳಲ್ಲೂ ಹಿಡಿದು ನಿಂತ. ಅವನಿಗೆ ಅಲ್ಲಿಂದ ಲಕ್ಕಪ್ಪನೂ ಕಾಣುವಂತಿರಲಿಲ್ಲ, ಗಿಡಗಳ ಮರೆಯಲ್ಲಿದ್ದ ಮೇಸ್ತ್ರಿಯೂ ಕಾಣುವಂತಿರಲಿಲ್ಲ. ಕಾಣುತ್ತಿದ್ದದ್ದು ಹಗ್ಗ ಮಾತ್ರ. ಲಕ್ಕಪ್ಪ ಎಷ್ಟೋ ವರ್ಷ ನಿಂತಿದ್ದ ಜಾಗ ಅದು...

ಮೇಲೆ ಕತ್ತಿ ಬೀಳುವ ಸದ್ದು. ಕೊಂಬೆ ಲಟಕ್ಕೆಂದು ಕಳಚಿ ಹಗ್ಗಕ್ಕೆ ಜೋತುಬಿತ್ತು. ಸೋಮಯ್ಯ ಹಿಡಿದ. ಚೆನ್ನಾಗಿಯೇ ಹಿಡಿದ. ಕೊರಳ ನರ ಉಬ್ಬಿತ್ತು, ಕಟ್ಟಿನ ಬಟ್ಟೆಯಿಂದ ರಕ್ತ ಒಸರುತ್ತಿತ್ತು. ಆದರೂ ಕೊಂಬೆಯನ್ನು ಒಂದು ಗೇಣೂ ಜಾರಗೊಡಲಿಲ್ಲ. ಮೇಸ್ತ್ರಿ ಕೆಳಗಿನಿಂದ ದೊಣ್ಣೆಯಲ್ಲಿ ಅದರ ಸೊಪ್ಪನ್ನು ದೂಡಿ ತಿರುಗಿಸುತ್ತಿದ್ದರು. ಆಗ ಕಡಿದ ಜಾಗದಿಂದ ಕೆಂಜಿಗದ ಗೂಡೊಂದು ಒಡೆದು ಲಕ್ಕಪ್ಪನ ಮೈಮೇಲೆ ಸುರಿಯಿತು. ಆ ಕೆಂಪಿರುವೆ ಕಚ್ಚಿದರೆ ಕಣ್ಣು ಮುಚ್ಚಿಹೋಗುತ್ತದೆ. ಅವನು ಎರಡೂ ಕೈಯಲ್ಲಿ ಮೈ ಬಡಿದುಕೊಳ್ಳುತ್ತ ಕೆಳಗೆ ನೋಡಿದ. ಮೇಸ್ತ್ರಿ ಇನ್ನೂ ಕೊಂಬೆಯ ಅಡಿಯಲ್ಲೇ ಇದ್ದರು. ಅವನು ಕೂಗಿದ. ಅದೇ ಹೊತ್ತಿಗೆ ಹೆದ್ದಾರಿಯ ತಿರುವಿನಲ್ಲಿ ಲಾರಿಯೊಂದು ಹಾರ್ನು ಒತ್ತಿಹಿಡಿದು ಏರುತ್ತಿತ್ತು.

ಅವನು ಕೂಗಿದ್ದು "ಬುಡ್‌ಬ್ಯಾಡ" ಎಂದು. ಬಿಡಬೇಡ. ಹತ್ತಿರದಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿತು. ಆಚೆ ನಿಂತ ಸೋಮಯ್ಯನಿಗೆ ಮೊದಲ ಅರ್ಧ ಮಾತ್ರ ತಲುಪಿತು. ಉಳಿದರ್ಧವನ್ನು ಹಾರ್ನು ನುಂಗಿತು.

ಹಗ್ಗ ಸುಯ್ಯೆಂದು ಓಡಿತು. ಕೊಂಬೆ ಬಿತ್ತು.

ಹಸಿ ಮರ ಬೀಳುವ ಸದ್ದಿನೊಳಗೆ ಇನ್ನೊಂದು ಸಣ್ಣ ಸದ್ದು ಕೇಳಿತು. ಸೈನ್ಯದಲ್ಲಿ ಆ ಸದ್ದನ್ನು ಕೇಳಿದ್ದೆ. ಎಲುಬು. ಓಡಿ ಸೊಪ್ಪು ಸರಿಸಿದೆ. ಮೇಸ್ತ್ರಿ ಅಂಗಾತ ಬಿದ್ದಿದ್ದರು. ಬಲತೊಡೆಯ ಮೇಲೆ ಕೊಂಬೆ. ಖಾಕಿ ಚಡ್ಡಿ ಹರಿದು ಬಿಳಿಯ ಮೂಳೆ ಹೊರಗೆ ಬಂದಿತ್ತು. ಬಾಯಿಂದ ಬೈಗುಳ ಬರುತ್ತಿತ್ತು, ಆದ್ದರಿಂದ ಬದುಕಿದ್ದಾರೆಂದು ತಿಳಿಯಿತು.

ನಾನು ಸೋಮಯ್ಯನ ಕಡೆ ತಿರುಗಿ ಅರಚಿದೆ. "ಯಾಕೋ ಬಿಟ್ಟೆ?"

ಅವನು ಬರಿಗೈ ಚಾಚಿಕೊಂಡು ನಿಂತಿದ್ದ. ಅಂಗೈಯ ತೊಗಲು ಹಗ್ಗದ ಜೊತೆ ಹೋಗಿತ್ತು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಬುಡು ಅಂದ..." ಎಂದ. "ಬುಟ್ಟೆ."

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಅವನು ತನ್ನ ಬಾಯಿ ಮುಚ್ಚಿಕೊಂಡ. ಲಕ್ಕಪ್ಪ ಮರದಿಂದ ಅರ್ಧ ಇಳಿದು ಅರ್ಧ ಬಿದ್ದು ಬಂದ. ಮೈಯೆಲ್ಲ ಇರುವೆ. "ಬುಡ್‌ಬ್ಯಾಡ ಅಂದ್ನಲ್ಲೋ! ಬುಡ್‌ಬ್ಯಾಡ ಅಂತ ಬಾಯ್ ಬಡ್ಕೊಂಡೆ ಕಣೋ!" ಎಂದು ಕೂಗುತ್ತಲೇ ಬಂದವನು ಸೋಮಯ್ಯನ ಮುಖ ನೋಡಿ ಅಲ್ಲೇ ನಿಂತ.

"ಅಲ್ಲಿ ನಿಂತು ಏನ್ಲಾ ನೋಡ್ತೀರಿ" ಎಂಬ ಕೂಗು ಕೊಂಬೆಯ ಅಡಿಯಿಂದ ಬಂತು. "ಎತ್ರೋ!"

ಇಬ್ಬರೂ ಒಂದೇ ಸಲ ಕೊಂಬೆಗೆ ಕೈ ಹಾಕಿದರು. ಅಷ್ಟು ದೊಡ್ಡ ಕೊಂಬೆಯನ್ನು ಇಬ್ಬರು ಹೇಗೆ ಎತ್ತಿದರೋ ನನಗೆ ಇಂದಿಗೂ ತಿಳಿಯದು. ನಾನು ತೊಡೆಗೆ ಬೆಲ್ಟು ಬಿಗಿದು, ದೊಣ್ಣೆಯನ್ನೇ ಆಧಾರವಿಟ್ಟು ಕಟ್ಟಿದೆ. ಗೋಣಿಚೀಲಕ್ಕೆ ಎರಡು ಗಳ ತೂರಿಸಿ ಡೋಲಿ ಮಾಡಿದೆವು. ಮುಂದೆ ಲಕ್ಕಪ್ಪ, ಹಿಂದೆ ಸೋಮಯ್ಯ. ಹೆದ್ದಾರಿಯಲ್ಲಿ ಒಂದು ಹೆಂಚಿನ ಲಾರಿಯನ್ನು ಅಡ್ಡಗಟ್ಟಿ, ಹೆಂಚಿನ ಮೇಲೆ ಹುಲ್ಲು ಹರಡಿ ಮಲಗಿಸಿ ಸಕಲೇಶಪುರಕ್ಕೆ ಹೊರಟೆವು. ತಿರುವು ಬಂದಾಗಲೆಲ್ಲ ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ದೋಣಿಗಲ್ ದಾಟುವಾಗ ಸೋಮಯ್ಯ ಇದ್ದಕ್ಕಿದ್ದಂತೆ ಮಾತಾಡಿದ. ಯಾರ ಮುಖವನ್ನೂ ನೋಡದೆ, ಲಾರಿಯ ಹಲಗೆಯನ್ನು ನೋಡುತ್ತ.

"ಅಂದಿದ್ದೆ ಕಣೋ ಲಕ್ಕ."

"ಏನಂದಿದ್ದೆ?"

"ಅವತ್ತು ನೀನು ಕೆಳಗಿಂದ ಚುಡಾಯಿಸ್ತಾ ಇದ್ದೆ. ಹಿಂದಿನ್ ದಿನ ಮೆಣಸಿನ್ ಬಳ್ಳಿ ನೋಡಿ ಹಾವು ಅಂತ ನಾನ್ ಓಡಿದ್ದೆ ನೋಡು, ಅದ್ನೇ ಹೇಳ್ತಾ ಇದ್ದೆ. ಹಾವಪ್ಪ ಹಾವಪ್ಪ ಅಂತ. ಅದಕ್ಕೆ 'ಏ ಬುಡೋ ಅದನ್ನ' ಅಂದೆ. ಆ ಮಾತು ಬುಡೋ ಅಂತ... ಹಗ್ಗ ಬುಡು ಅಂತ ಅಲ್ಲ."

ಲಕ್ಕಪ್ಪ ತಲೆಯ ಕಟ್ಟನ್ನು, ಅರ್ಧ ಉಳಿದ ಕಿವಿಯನ್ನು ಮುಟ್ಟಿ ನೋಡಿಕೊಂಡ. ಮಲಗಿದ್ದ ಮೇಸ್ತ್ರಿ ಕಣ್ಣು ತೆರೆದರು.

"ಒಂದ್ ಮೆಣಸಿನ್ ಬಳ್ಳಿಗೆ ಮೂರ್ ಬೆರಳು, ಒಂದ್ ಕಿವಿ, ಒಂದ್ ನಾಯಿ, ನನ್ ತೊಡೆ. ಹಲ್ಕಾ ನನ್ಮಕ್ಳಾ..." ಎಂದರು. ನಗಲು ಹೋಗಿ ನೋವಿಗೆ ಚೀರಿದರು.

ಅವರನ್ನು ಸಕಲೇಶಪುರದಿಂದ ಹಾಸನಕ್ಕೆ ಸಾಗಿಸಿದರು. ಅಲ್ಲಿಂದಲೇ ಮ್ಯಾನೇಜರಿಗೆ ನನ್ನ ಮೂಲಕ ಹೇಳಿ ಕಳಿಸಿದರು: ಇಬ್ಬರನ್ನು ತೆಗೆದರೆ ತಮ್ಮನ್ನೂ ತೆಗೆಯಲಿ. ಮ್ಯಾನೇಜರು ನನ್ನಿಂದ ಎಲ್ಲ ಕೇಳಿಸಿಕೊಂಡು, ಇಬ್ಬರೂ ಇರಲಿ ಎಂದರು.

ಆ ದಿನದಿಂದ ನಮ್ಮ ಎಸ್ಟೇಟಿನ ಮರಗಸಿಯಲ್ಲಿ ಎರಡು ಬದಲಾವಣೆಗಳಾದವು. ಆಸ್ಪತ್ರೆಯ ಮಂಚದ ಮೇಲಿಂದಲೇ ಮೇಸ್ತ್ರಿ ಹೇಳಿದ್ದನ್ನು ನಾನು ಬಂದು ಜಾರಿಗೆ ತಂದೆ. ಹಗ್ಗದ ಹತ್ತಿರ 'ಬುಡು' ಎನ್ನುವ ಮಾತನ್ನೇ ಯಾರೂ ಆಡಕೂಡದು. ಸಡಿಲಿಸಬೇಕಾದರೆ 'ಇಳ್ಸು', ನಿಲ್ಲಿಸಬೇಕಾದರೆ 'ತಡಿ'. ಎರಡನೆಯದು, ಮೇಲೊಬ್ಬ, ಕೆಳಗೊಬ್ಬ ಸಾಲದು. ಇಬ್ಬರೂ ಕಾಣುವ ಜಾಗದಲ್ಲಿ ನಡುವೆ ಇನ್ನೊಬ್ಬ ನಿಲ್ಲಬೇಕು. ಮೇಲಿನವನ ಮಾತನ್ನು ಅವನು ತಿರುಗಿ ಕೂಗುವವರೆಗೆ ಹಗ್ಗ ಅಲುಗಕೂಡದು. ಮರ ಹತ್ತಲಾರದ ಸೋಮಯ್ಯನಿಗೆ ಆ ಕೆಲಸ ಸಿಕ್ಕಿತು. ಕೆಳಗೆ ಹಗ್ಗ ಹಿಡಿದವನು ಲಕ್ಕಪ್ಪ. ಮೇಲೆ ಹೊಸ ಹುಡುಗರು.

ಅವರಿಬ್ಬರೂ ಮತ್ತೆ ಸ್ನೇಹಿತರಾದರು ಎಂದು ಬರೆದರೆ ಸುಳ್ಳಾಗುತ್ತದೆ. ನಡುವಿನ ಗೋಡೆಗೆ ಕಲ್ಲು ಬೀಳುವುದು ನಿಂತಿತು, ಅಷ್ಟೆ. ಹೆಂಡತಿಯರು ಒಂದೇ ಒಲೆಯ ಕೆಂಡ ಹಂಚಿಕೊಳ್ಳಲಿಲ್ಲ. ಲಕ್ಕಪ್ಪ ಚುಡಾಯಿಸುವುದನ್ನು ಬಿಟ್ಟ. ಮರಗಸಿಯ ತಾಕಿನಲ್ಲಿ ಮೊದಲಿನ ಗಲಾಟೆ ಇಲ್ಲದೆ ಕತ್ತಿಯ ಸದ್ದೊಂದೇ ಕೇಳುತ್ತಿತ್ತು. ನನಗೆ ಕ್ರಮ ಇಷ್ಟ. ಆದರೂ ಆ ಮೌನ ಕೆಲವು ದಿನ ಕಿವಿಗೆ ಭಾರವಾಗಿತ್ತು.

ಮೇಸ್ತ್ರಿಯ ಕಾಲು ಗಿಡ್ಡವಾಯಿತು. ಗುಡ್ಡ ಹತ್ತುವುದು ನಿಂತಿತು. ಅವರು ಸ್ಟೋರಿನ ಜಗಲಿಯ ಮೇಲೆ ಕಾಲು ಚಾಚಿ ಕೂತು ಹಗ್ಗಕ್ಕೆ ಎಣ್ಣೆ ಸವರುತ್ತಿದ್ದರು. ಒಮ್ಮೆ ನಾನು ಕೇಳಿದೆ, ಮಾತು ಹೀಗೆ ತಪ್ಪಿ ಕೇಳುತ್ತದೆಂದು ನಿಮಗೆ ಮೊದಲೇ ಹೊಳೆದಿತ್ತೇ ಎಂದು.

"ಎಂಥದ್ದೂ ಹೊಳ್ದಿರ್ಲಿಲ್ಲ ರೈಟ್ರೇ" ಎಂದರು. "ಇಬ್ರಿಗೂ ಒಂದ್ ಸಲ ಹೆದ್ರಿಕೆ ಹುಟ್ಸೋಣ ಅಂತ ಹೋಗಿದ್ದೆ. ಬಡ್ದು ನೋಡಿದ್ದೆ, ಆಗಿರ್ಲಿಲ್ಲ. ಇನ್ನೇನಿತ್ತು ನನ್ ಹತ್ರ?"

ಎರಡು ಸಾವಿರದ ಇಸವಿಯ ನಂತರ ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಾರನಹಳ್ಳಿಯ ಆಚೆ ಅವರ ಊರು. ಕುಳ್ಳಿರಿಸಿ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ. ಗುಂಡಿಯ ಮಣ್ಣು ಮಳೆಗೆ ನೆನೆದು ಅಂಚು ಕುಸಿಯುತ್ತಿತ್ತು, ಕೈಯಲ್ಲಿ ಎತ್ತಿ ಇಳಿಸುವಂತಿರಲಿಲ್ಲ. ಬಟ್ಟೆಯ ಅಡಿಗೆ ಎರಡು ಹಗ್ಗ ತೂರಿಸಿದರು. ನಮ್ಮ ಸ್ಟೋರಿನ ಹಗ್ಗಗಳೇ, ನಾನೇ ತಂದುಕೊಟ್ಟಿದ್ದೆ. ಒಂದು ಕಡೆ ಅವರ ಅಣ್ಣತಮ್ಮಂದಿರ ಮಕ್ಕಳು, ಇನ್ನೊಂದು ಕಡೆ ಲಕ್ಕಪ್ಪ ಮತ್ತು ನಮ್ಮ ಮರಗಸಿ ಆಳುಗಳು. ದೇಹ ಗುಂಡಿಯ ಮೇಲೆ ಬಂತು. ಹಾಸನದಿಂದ ಬಂದಿದ್ದ ನೆಂಟರೊಬ್ಬರು ಕೊಡೆ ಹಿಡಿದುಕೊಂಡು, "ಬಿಡಿ, ಬಿಡಿ, ಮೆಲ್ಲಗೆ ಬಿಡಿ" ಎಂದರು.

ನಮ್ಮ ಕಡೆಯವರು ಒಬ್ಬರೂ ಅಲುಗಲಿಲ್ಲ. ಹಗ್ಗ ಬಿಗಿಯಾಗಿಯೇ ನಿಂತಿತು. ದೇಹ ಗುಂಡಿಯ ಮೇಲೆ, ಮಳೆಯಲ್ಲಿ, ಹಾಗೆಯೇ ತಡೆದು ನಿಂತಿತು. ನೆಂಟರು ಗಾಬರಿಯಿಂದ ಮತ್ತೆ "ಬಿಡ್ರಪ್ಪಾ" ಎಂದರು. ಆಗ ಸೋಮಯ್ಯ ಜನರ ನಡುವಿನಿಂದ ಮುಂದೆ ಬಂದ. ಎರಡು ಕಡೆಯವರಿಗೂ ಕಾಣುವ ಹಾಗೆ ಗುಂಡಿಯ ಎದುರು ನಿಂತ. ಎರಡೇ ಬೆರಳಿನ ಕೈಯನ್ನು ಮೇಲಕ್ಕೆತ್ತಿದ.

"ಇಳ್ಸಿ" ಎಂದ.

ಹಗ್ಗಗಳು ಒಟ್ಟಿಗೆ ಸರಿದವು. ಎದುರಿಗಿದ್ದ ಲಕ್ಕಪ್ಪನ ಕಣ್ಣು ಅವನ ಕೈಯ ಮೇಲೆಯೇ ಇತ್ತು...

ಈಗ ಲಕ್ಕಪ್ಪ ಇಲ್ಲ. ಸೋಮಯ್ಯ ಆಲೂರಿನ ಕಡೆ ಮಗಳ ಮನೆಯಲ್ಲಿದ್ದಾನೆಂದು ಕೇಳಿದ್ದೇನೆ, ನೋಡಿಲ್ಲ. ಎಸ್ಟೇಟು ಕೈ ಬದಲಾಯಿತು. ಮರಗಸಿಗೆ ಹೊರಗಿನ ಗುಂಪುಗಳು ಬರುತ್ತವಂತೆ. ಅವರು ಹಗ್ಗದ ಹತ್ತಿರ ಯಾವ ಮಾತು ಆಡುತ್ತಾರೋ ಗೊತ್ತಿಲ್ಲ.

"ಸಾರ್" ಎಂದು ಅಂಗಡಿಯವನು ಆ ತುದಿಯಿಂದ ಕರೆದ. "ಅಳತೆ ಆಯ್ತು. ಬಿಡಿ."

ನಾನು ಹಿಡಿದೇ ಇದ್ದೆ. ಅವನು ಮೆಲ್ಲಗೆ ಒಮ್ಮೆ ಜಗ್ಗಿದ. ಹಗ್ಗ ಮತ್ತಷ್ಟು ಬಿಗಿಯಾಯಿತು. ಅವನಿಗೂ ನನಗೂ ನಡುವೆ ಒಮ್ಮೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

"ಬಿಡಿ ಸಾರ್" ಎಂದ ಮತ್ತೆ.

ಬಿಟ್ಟೆ.